ಶಿಬಿರದ ಅರ್ಜಿ ಯಾರನ್ನು ಹೊರಗಿಡುತ್ತದೆ?

ಬಳ್ಳಾರಿ ಕಡೆ ರಕ್ತದಾನ ಶಿಬಿರಕ್ಕೆ ನೆಪ ಹುಡುಕಬೇಕಾಗಿಲ್ಲ. ಪುನೀತ್ ರಾಜ್‌ಕುಮಾರ್ ಹುಟ್ಟುಹಬ್ಬವಿರಲಿ, ಕಾಲೇಜಿನ ಎನ್‌ಎಸ್‌ಎಸ್ ಕಾರ್ಯಕ್ರಮವಿರಲಿ, ಶಾಮಿಯಾನ ಏಳುತ್ತದೆ, ಹುಡುಗರು ಸಾಲುಗಟ್ಟುತ್ತಾರೆ. ವಯಸ್ಸು 18 ತುಂಬಿರಬೇಕು, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಮಲೇರಿಯಾ ಬಂದು ಹೋದವರು 3 ತಿಂಗಳು ಕಾಯಬೇಕು, ಹಚ್ಚೆ ಹಾಕಿಸಿಕೊಂಡವರು 12 ತಿಂಗಳು. ಆದರೆ ಗಂಡಸಿನೊಡನೆ ದೇಹಸಂಬಂಧವಿರುವ ಗಂಡಸು ಎಷ್ಟು ಕಾದರೂ ಅವನ ಸರದಿ ಬರುವುದಿಲ್ಲ. 2017ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ರಕ್ತ ವರ್ಗಾವಣಾ ಮಂಡಳಿ ಮತ್ತು ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯ 12 ಮತ್ತು 51ನೇ ಅಂಶಗಳು ಅವನನ್ನೂ, ಲಿಂಗತ್ವ ಅಲ್ಪಸಂಖ್ಯಾತರನ್ನೂ, ಲೈಂಗಿಕ ವೃತ್ತಿಯ ಮಹಿಳೆಯರನ್ನೂ ಎಚ್‌ಐವಿ ಅಪಾಯದ ಗುಂಪೆಂದು ಹೆಸರಿಸಿ ಶಾಶ್ವತವಾಗಿ ಹೊರಗಿಟ್ಟಿವೆ.

ಈ ನಿಷೇಧ ಹುಟ್ಟಿದ್ದು ಭಯದ ಕಾಲದಲ್ಲಿ. 1981ರಲ್ಲಿ ಅಮೆರಿಕದಿಂದ ಏಡ್ಸ್‌ನ ಮೊದಲ ವರದಿಗಳು ಬಂದಾಗ ಅದಕ್ಕೆ ಕಾರಣವಾದ ವೈರಾಣು ಯಾವುದೆಂದು ಯಾರಿಗೂ ತಿಳಿದಿರಲಿಲ್ಲ. ರಕ್ತವನ್ನು ಪರೀಕ್ಷಿಸುವ ದಾರಿಯೂ ಇರಲಿಲ್ಲ. ಪದೇಪದೇ ರಕ್ತದ ಅಂಶಗಳನ್ನು ಪಡೆಯಬೇಕಾಗಿದ್ದ ಹಿಮೋಫಿಲಿಯಾ ರೋಗಿಗಳು ಸಾವಿರಗಟ್ಟಲೆ ಸೋಂಕಿಗೆ ಸಿಕ್ಕಿದರು. 1977ರಿಂದೀಚೆಗೆ ಒಮ್ಮೆಯಾದರೂ ಇನ್ನೊಬ್ಬ ಗಂಡಸಿನೊಡನೆ ಸೇರಿದವನು ರಕ್ತ ಕೊಡುವಂತಿಲ್ಲ ಎಂದು 1985ರಲ್ಲಿ ಅಮೆರಿಕ ವಿಧಿಸಿತು. ಅನೇಕ ದೇಶಗಳೂ ಅದೇ ಹಾದಿ ಹಿಡಿದವು. ಕಣ್ಣಿಗೆ ಕಾಣದ ಅಪಾಯದ ಎದುರು ಆಗ ಅಷ್ಟು ಎಚ್ಚರಿಕೆ ತಪ್ಪಾಗಿರಲಿಲ್ಲ ಎಂದೇ ನನ್ನ ಭಾವನೆ.

ನಮ್ಮಲ್ಲಿ ಕಥೆ ಬೇರೆ ದಿಕ್ಕಿನಿಂದ ಶುರುವಾಯಿತು. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸೊಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆಹಚ್ಚಿದರು. 1989ರಲ್ಲಿ ದಾನದ ರಕ್ತಕ್ಕೆ ಎಚ್‌ಐವಿ ಪರೀಕ್ಷೆ ಕಡ್ಡಾಯವಾಯಿತು. ಆದರೆ ಆ ದಿನಗಳಲ್ಲಿ ದೊಡ್ಡ ಬಿರುಕು ಇದ್ದದ್ದು ರಕ್ತದ ವ್ಯಾಪಾರದಲ್ಲಿ. ಹೊಟ್ಟೆಪಾಡಿಗಾಗಿ ಮತ್ತೆ ಮತ್ತೆ ರಕ್ತ ಮಾರುವ ಬಡವರು, ಅವರನ್ನು ಹಿಡಿದು ತರುವ ದಲ್ಲಾಳಿಗಳು, ಪರವಾನಗಿಯೇ ಇಲ್ಲದ ರಕ್ತನಿಧಿಗಳು! 'ಕಾಮನ್ ಕಾಸ್' ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1996ರ ಜನವರಿ 4ರಂದು ಆದೇಶಿಸಿದ ಮೇಲೆ ರಕ್ತ ವರ್ಗಾವಣಾ ಮಂಡಳಿ ಹುಟ್ಟಿತು. 1998ರ ಜನವರಿ 1ರಿಂದ ರಕ್ತ ಮಾರಾಟ ನಿಂತಿತು. 2001ರಲ್ಲಿ ಹೆಪಟೈಟಿಸ್ ಸಿ ಪರೀಕ್ಷೆಯೂ ಕಡ್ಡಾಯವಾಯಿತು. ರೋಗಿಗಳ ಪ್ರಾಣ ಉಳಿಸಿದ್ದು ಈ ಕ್ರಮಗಳು.

ಅತ್ತ ಜಗತ್ತು ಈ ನಿಷೇಧದಿಂದ ದೂರ ಸರಿಯತೊಡಗಿತ್ತು. ಸೋಂಕು ತಗುಲಿದ ಮೇಲೆ ಕೆಲವು ದಿನ ಅದು ಪರೀಕ್ಷೆಗೆ ಸಿಗುವುದಿಲ್ಲ. ಇಂದಿನ ಎಲೈಸಾ ಪರೀಕ್ಷೆಗೆ ಆ ಅವಧಿ ಎರಡು-ಮೂರು ವಾರ, ವೈರಾಣುವಿನ ವಂಶದ್ರವ್ಯವನ್ನೇ ಹುಡುಕುವ ನ್ಯಾಟ್ ಪರೀಕ್ಷೆಗೆ ಹತ್ತು ದಿನದ ಆಸುಪಾಸು. ಹಾಗಿದ್ದಮೇಲೆ ಜೀವಮಾನದ ನಿಷೇಧ ಯಾಕೆ? ಇಟಲಿ 2001ರಲ್ಲೇ ಪ್ರತಿ ದಾನಿಯ ನಡವಳಿಕೆಯನ್ನು ಕೇಳಿ ನಿರ್ಧರಿಸುವ ಪದ್ಧತಿಗೆ ಬಂತು. ಬ್ರಿಟನ್ನಿನ ಬಹುಭಾಗ 2011ರಲ್ಲಿ 12 ತಿಂಗಳು, 2017ರಲ್ಲಿ 3 ತಿಂಗಳು ಎನ್ನುತ್ತ ಇಳಿದು, 2021ರ ಜೂನ್‌ನಲ್ಲಿ ಗಂಡು-ಹೆಣ್ಣೆನ್ನದೆ ಎಲ್ಲರಿಗೂ ಒಂದೇ ಪ್ರಶ್ನೆ ಕೇಳಲು ಶುರುಮಾಡಿತು: ಕಳೆದ 3 ತಿಂಗಳಲ್ಲಿ ಹೊಸ ಅಥವಾ ಹಲವು ಸಂಗಾತಿಗಳಿದ್ದರೇ, ಎಂಥ ಸಂಪರ್ಕ ನಡೆಯಿತು? ಬ್ರೆಜಿಲ್‌ನಲ್ಲಿ 2020ರ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ನಿಷೇಧವನ್ನು ತೆಗೆಯಿತು. ನಿಷೇಧ ಹೇರಿದ್ದ ಅಮೆರಿಕವೂ 2023ರ ಮೇನಲ್ಲಿ ಅದನ್ನು ಬಿಟ್ಟಿತು.

ಭಾರತದ ನಿಯಮದಲ್ಲಿ ನನ್ನನ್ನು ಬಹಳ ಕಾಡುವ ಒಂದು ಸಂಗತಿಯಿದೆ. ಅದೇ 12ನೇ ಅಂಶ 'ಹಲವು ಸಂಗಾತಿಗಳಿರುವವರು' ಎಂದೂ ಹೇಳುತ್ತದೆ. ಅಂದರೆ ನಡವಳಿಕೆಯನ್ನು ಕೇಳುವ ಪ್ರಶ್ನೆ ಅಲ್ಲಿ ಆಗಲೇ ಇದೆ. ಉಳಿದವರಿಗೆ ಆ ಪ್ರಶ್ನೆ ಸಾಕು, ಇವರಿಗೆ ಮಾತ್ರ ಸಾಲದು. ಹತ್ತು ವರ್ಷ ಒಬ್ಬನೇ ಸಂಗಾತಿಯೊಡನೆ ಬಾಳಿದ ಸಲಿಂಗಾಸಕ್ತನಿಗೂ ಬಾಗಿಲು ಮುಚ್ಚಿದೆ. ಮಾರ್ಗಸೂಚಿ ಬಂದ ಮರುವರ್ಷವೇ, 2018ರ ಸೆಪ್ಟೆಂಬರ್ 6ರಂದು, ದಂಡಸಂಹಿತೆಯ 377ನೇ ಕಲಮಿನ ಕುರಿತ ಸುಪ್ರೀಂ ಕೋರ್ಟ್ ತೀರ್ಪು ಇವರ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಅಪಾಯದ ಪಟ್ಟಿಯಲ್ಲಿ ಹೆಸರು ಹಾಗೇ ಉಳಿಯಿತು.

ಇದನ್ನು ಪ್ರಶ್ನಿಸಿ ಮಣಿಪುರದ ಹೋರಾಟಗಾರ್ತಿ ಸಾಂತಾ ಖುರೈ ಸುಪ್ರೀಂ ಕೋರ್ಟಿಗೆ ಹೋದರು. 2021ರ ಮಾರ್ಚ್‌ನಲ್ಲಿ ಕೇಂದ್ರಕ್ಕೆ ನೋಟಿಸ್ ಹೋಯಿತು. ಅದೇ ವರ್ಷದ ನವೆಂಬರಿನಲ್ಲಿ, ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ, ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದ ಮಂಜಮ್ಮ ಜೋಗತಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಸ್ವೀಕರಿಸಿದರು. ಕುರುಗೋಡು, ಸಿರುಗುಪ್ಪ ಸೀಮೆಯ ಜನ ಜೋಗಪ್ಪ-ಜೋಗತಿಯರ ಕೈಯಿಂದ ಎಲ್ಲಮ್ಮನ ಭಂಡಾರ ಹಣೆಗೆ ಹಚ್ಚಿಸಿಕೊಳ್ಳುತ್ತಾರೆ. ಅವರ ರಕ್ತವನ್ನು ಮಾತ್ರ ಪರೀಕ್ಷಿಸದೆಯೇ ತಿರಸ್ಕರಿಸುವ ನಿಯಮ ನನಗೆ ಅವಮಾನವಾಗಿ ಕಾಣುತ್ತದೆ.

ಕೇಂದ್ರದ ವಾದವನ್ನೂ ಕೇಳಬೇಕು. ಈ ಗುಂಪುಗಳಲ್ಲಿ ಎಚ್‌ಐವಿ ಪ್ರಮಾಣ ಸಾಮಾನ್ಯ ವಯಸ್ಕರಿಗಿಂತ 6ರಿಂದ 13 ಪಟ್ಟು ಹೆಚ್ಚು, ರಕ್ತ ಪಡೆಯುವವರ ಸುರಕ್ಷತೆ ದಾನಿಯ ಹಕ್ಕಿಗಿಂತ ದೊಡ್ಡದು ಎಂದು ಅದು 2023ರಲ್ಲಿ ಪ್ರಮಾಣಪತ್ರ ಸಲ್ಲಿಸಿತು. ಪದೇಪದೇ ರಕ್ತ ಪಡೆಯಬೇಕಾದ ಥಲಸ್ಸೇಮಿಯಾ ಮಗುವಿನ ತಾಯಿಗೆ ಈ ಮಾತು ಸಣ್ಣದಲ್ಲ. ಆದರೆ ನಿಯಮ ಆ ಮಗುವನ್ನು ಕಾಯುತ್ತಿದೆಯೇ? ಎಚ್‌ಐವಿ ತಡೆಯ ಯೋಜನೆಗಳಲ್ಲಿ ದುಡಿದವರಿಗೆ ಗೊತ್ತು: ಗಂಡಸರೊಡನೆ ಸಂಬಂಧವಿದ್ದು ತಮ್ಮವರ ನಡುವೆ 'ಕೋತಿ', 'ಡಬಲ್ ಡೆಕ್ಕರ್' ಎಂದು ಕರೆದುಕೊಳ್ಳುವವರಲ್ಲಿ ಅನೇಕರು ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡಿಕೊಂಡಿರುವವರು. ಸಿರುಗುಪ್ಪದಂಥ ಊರಿನಲ್ಲಿ ಗೆಳೆಯರ ಎದುರಿಗೇ ಅರ್ಜಿ ತುಂಬುವಾಗ ಅವರು 'ಇಲ್ಲ' ಎಂದೇ ಬರೆಯುತ್ತಾರೆ. ನಿಜ ಹೇಳಿದರೆ ಜೀವನಪೂರ್ತಿ ಮುದ್ರೆ ಬೀಳುವ ಕಡೆ ನಿಜ ಹೊರಬರುವುದಿಲ್ಲ. 2011ರಲ್ಲಿ ಗುಜರಾತಿನ ಜುನಾಗಢದಲ್ಲಿ ರಕ್ತ ಪಡೆದ 23 ಥಲಸ್ಸೇಮಿಯಾ ಮಕ್ಕಳಲ್ಲಿ ಎಚ್‌ಐವಿ ಕಂಡುಬಂದ ಮೇಲೂ ದೇಶದಲ್ಲಿ ನ್ಯಾಟ್ ಕಡ್ಡಾಯವಾಗಲಿಲ್ಲ. ಹಣ ಖರ್ಚಾಗಬೇಕಾದ್ದು ಆ ಪರೀಕ್ಷೆಗೆ.

2024ರಲ್ಲಿ ಲೇಖಕ ಶರೀಫ್ ರಂಗ್ನೇಕರ್ ಅವರ ಅರ್ಜಿಯೂ ಕೋರ್ಟಿಗೆ ಬಂತು. 2025ರ ಮೇನಲ್ಲಿ ನ್ಯಾಯಮೂರ್ತಿ ಸೂರ್ಯಕಾಂತ್ ಅವರ ಪೀಠ, ಒಂದು ಸಮುದಾಯಕ್ಕೇ ಅಪಾಯದ ಹಣೆಪಟ್ಟಿ ಹಚ್ಚದೆ ರಕ್ತವನ್ನು ಸುರಕ್ಷಿತವಾಗಿಡುವ ದಾರಿಯ ಬಗ್ಗೆ ತಜ್ಞರ ಅಭಿಪ್ರಾಯ ಪಡೆಯಿರಿ ಎಂದು ಕೇಂದ್ರಕ್ಕೆ ಸೂಚಿಸಿತು. ಆ ತಜ್ಞರ ನಡುವೆ ಪ್ರಯೋಗಾಲಯದವರ ಜೊತೆಗೆ, ತಮ್ಮವರ ಮನವೊಲಿಸಿ ರಕ್ತ ಪರೀಕ್ಷೆಗೆ ಕರೆತರುವ ಸಮುದಾಯದ ಕಾರ್ಯಕರ್ತರಿಗೂ ಕುರ್ಚಿ ಇರಬೇಕು. ಯಾವ ಪ್ರಶ್ನೆಯನ್ನು ಹೇಗೆ ಕೇಳಿದರೆ ನಿಜವಾದ ಉತ್ತರ ಸಿಗುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತು.