ಖಗೋಳ ರಸಪ್ರಶ್ನೆ

ಗ್ರಹ, ನಕ್ಷತ್ರ, ಗ್ರಹಣ, ಧೂಮಕೇತು, ಕೃತಕ ಉಪಗ್ರಹ, ಬಾಹ್ಯಾಕಾಶ ಯಾನ ಇವುಗಳ ಮೇಲಿನ ಪ್ರಶ್ನೆಗಳನ್ನು ಆಸಕ್ತರು ಗುಂಪುಗೂಡಿ ಕೇಳಿ, ಉತ್ತರಿಸಿ, ಅಂಕ ಹಾಕಿಕೊಂಡು ಆಡುವ ಆಟ. ಶಾಲೆಯ ಸಭಾಂಗಣ, ತಾರಾಲಯದ ಅಂಗಳ, ಆಕಾಶವೀಕ್ಷಣೆಗೆಂದು ಹತ್ತಿದ ಮನೆಯ ತಾರಸಿ, ಈಗೀಗ ಮೊಬೈಲ್ ಫೋನಿನ ಪರದೆ, ಎಲ್ಲಿ ಬೇಕಾದರೂ ನಡೆಯುತ್ತದೆ. ಕ್ವಿಜ್ ಎಂಬುದಕ್ಕೆ ಕನ್ನಡ 'ರಸಪ್ರಶ್ನೆ' ಎಂಬ ಚೆಂದದ ಹೆಸರು ಕೊಟ್ಟಿತು. ಆದರೆ 'ಪ್ರಶ್ನೆ' ಎಂಬ ಮಾತಿಗೆ ಗ್ರಹಗತಿಯ ನಂಟು ಅದಕ್ಕಿಂತ ಬಲು ಹಳೆಯದು. ಕರಾವಳಿಯಲ್ಲೂ ಕಾಸರಗೋಡಿನಲ್ಲೂ ಪ್ರಶ್ನೆ ಇಡಿಸುವುದೆಂದರೆ ಇಂದಿಗೂ ಜೋಯಿಸರು ಕವಡೆ ಹರಡಿ ರಾಶಿ ನೋಡುವುದೇ. ಅಲ್ಲಿ ಕೇಳುವವನಿಗೆ ಉತ್ತರ ಗೊತ್ತಿರುವುದಿಲ್ಲ. ರಸಪ್ರಶ್ನೆಯಲ್ಲಿ ಉತ್ತರ ಗೊತ್ತಿರುವವನೇ ಕೇಳುತ್ತಾನೆ.

ಈ ಆಟಕ್ಕೆ ಜನಪದ ಪೂರ್ವಜನೆಂದರೆ ಒಗಟು. ಆಕಾಶವನ್ನು ಸುತ್ತಿಡಲಾಗದ ಚಾಪೆಯಾಗಿಸಿ, ನಕ್ಷತ್ರಗಳನ್ನು ಎಣಿಸಲಾಗದ ದುಡ್ಡಾಗಿಸಿ ಕೇಳುವ ಒಗಟುಗಳು ನಾಡಿನ ಉದ್ದಗಲಕ್ಕೂ ಇವೆ. ಉತ್ತರ ಹೊಳೆಯದೆ ಸೋತವರು ಕೇಳಿದವರಿಗೆ ಒಂದು ಊರಿನ ಹೆಸರು ಹೇಳಿ 'ಊರು ಕೊಡುವ' ಪದ್ಧತಿಯನ್ನು ಅಂಕ ಎಣಿಕೆಯ ಹಳೆಯ ರೂಪವೆನ್ನಬಹುದು. ಪಂಡಿತರ ವಲಯದಲ್ಲಿ ಲೆಕ್ಕವನ್ನು ಪದ್ಯದಲ್ಲಿ ಕೇಳುವ ರೂಢಿಯಿತ್ತು: 9ನೆಯ ಶತಮಾನದ ಮಹಾವೀರಾಚಾರ್ಯ ಸಂಸ್ಕೃತದಲ್ಲಿ, 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿ ಹಾಗೆ ಕೇಳಿದವರು. ಅವು ಗಣಿತದವು, ಖಗೋಳದವಲ್ಲ. ಆದ್ದರಿಂದ ಇಲ್ಲಿ ಅವುಗಳ ವಿಸ್ತಾರ ಬೇಡ.

ಖಗೋಳದ ಹೆಸರುಗಳು ಕನ್ನಡ ಮನೆಗಳೊಳಗೆ ಬಂದದ್ದು ಪಂಚಾಂಗದ ಮೂಲಕ. ಹಳೆ ಮೈಸೂರು ಸೀಮೆಯಲ್ಲಿ ಪಂಚಾಂಗ ಎಂದೊಡನೆ ನೆನಪಾಗುವುದು ಮೈಸೂರಿನ ವಾಣಿವಿಲಾಸ ಮೊಹಲ್ಲಾಕ್ಕೆ ಸೇರಿದ ಒಂಟಿಕೊಪ್ಪಲಿನ ಹೆಸರು. ಯುಗಾದಿಗೆ ಮುಂಚೆ ಬೇವು, ಬೆಲ್ಲ, ಮಾವಿನೆಲೆಯ ಜತೆಗೆ ಒಂಟಿಕೊಪ್ಪಲ್ ಪಂಚಾಂಗವೂ ಮನೆಗೆ ಬರುತ್ತದೆ. ತಿಥಿ, ವಾರ, ನಕ್ಷತ್ರ, ಯೋಗ, ಕರಣ, ಗ್ರಹಣದ ಹೊತ್ತು, ಮಳೆ ನಕ್ಷತ್ರ ಎಲ್ಲ ಅದರಲ್ಲಿ. ಹೀಗಾಗಿ ಅಶ್ವಿನಿ, ಭರಣಿ, ಕೃತ್ತಿಕಾ ಎಂದು 27 ಹೆಸರುಗಳನ್ನು ತಡವರಿಸದೆ ಒಪ್ಪಿಸುವವರು ಈ ಭಾಗದಲ್ಲಿ ಹೇರಳ. ಅವರನ್ನು ರಾತ್ರಿ ಬಯಲಿಗೆ ಕರೆದೊಯ್ದು 'ಸ್ವಾತಿ ಯಾವುದು ತೋರಿಸಿ' ಎಂದರೆ ಬಹುಮಂದಿ ಸುಮ್ಮನಾಗುತ್ತಾರೆ. ಹೆಸರು ಬಲ್ಲವರಿಗೂ ಕಣ್ಣಾರೆ ಕಂಡವರಿಗೂ ನಡುವಿನ ಈ ಅಂತರವೇ ಕನ್ನಡದ ಖಗೋಳ ರಸಪ್ರಶ್ನೆಯ ಜೀವಾಳ. ಉದಾಹರಣೆಗೆ, ಹವ್ಯಾಸಿಗಳ ಕೂಟಕ್ಕೆ ಹೇಳಿ ಮಾಡಿಸಿದಂಥ ಪ್ರಶ್ನೆ ಒಂದಿದೆ: ಆರಿದ್ರಾ ಮಳೆ ಸುರಿಯುವ ದಿನಗಳಲ್ಲಿ ಮೋಡವಿಲ್ಲದ ರಾತ್ರಿ ಸಿಕ್ಕರೆ ಆರಿದ್ರಾ ನಕ್ಷತ್ರವನ್ನು ಎಲ್ಲಿ ನೋಡಬೇಕು? ರೈತಾಪಿ ಹಿನ್ನೆಲೆಯವರೂ ಇಲ್ಲಿ ಎಡವುತ್ತಾರೆ. ಮಳೆ ನಕ್ಷತ್ರವೆಂದರೆ ಸೂರ್ಯ ಆಗ ಇರುವ ನಕ್ಷತ್ರ. ಒಂದೊಂದರಲ್ಲಿ ಅವನು ಸುಮಾರು 13-14 ದಿನ ಕಳೆಯುತ್ತಾನೆ, ಜೂನ್ 21-22ರ ಹೊತ್ತಿಗೆ ಆರಿದ್ರೆಗೆ ಬರುತ್ತಾನೆ. ಎಂದಮೇಲೆ ಆ ತಾರೆ ಹುಟ್ಟುವುದೂ ಮುಳುಗುವುದೂ ಸೂರ್ಯನ ಜತೆಗೇ. ರಾತ್ರಿ ಅದು ಕಾಣಿಸುವ ಮಾತೇ ಇಲ್ಲ.

  

ಪ್ರಶ್ನೆ ಕೇಳಬೇಕಾದರೆ ಮೊದಲು ಓದಲು ಏನಾದರೂ ಇರಬೇಕು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ 'ವಿಜ್ಞಾನ' ಪತ್ರಿಕೆ ಹೊರಡಿಸಿದರು. ಅದು ಹೆಚ್ಚು ಕಾಲ ಬಾಳಲಿಲ್ಲ. ಶಿವರಾಮ ಕಾರಂತರ 'ಬಾಲಪ್ರಪಂಚ' 1936ರಲ್ಲಿ ಬಂತು. ಆರ್. ಎಲ್. ನರಸಿಂಹಯ್ಯ 'ಜಗತ್ತುಗಳ ಹುಟ್ಟು ಸಾವು' ಬರೆದರು. ಇವರೆಲ್ಲರ ಬೆಳೆಯನ್ನು ಕಣಕ್ಕೆ ತಂದವರು ಜಿ. ಟಿ. ನಾರಾಯಣರಾವ್ (1926-2008). ಮಡಿಕೇರಿಯಲ್ಲಿ ಹುಟ್ಟಿ, ಗಣಿತ ಕಲಿಸಿ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ವಿಜ್ಞಾನ ಸಂಪಾದಕರಾಗಿ ಮೈಸೂರಿನಲ್ಲೇ ನೆಲೆಸಿದವರು. ಅವರ 'ನಕ್ಷತ್ರ ವೀಕ್ಷಣೆ' ಆಕಾಶದ ಕೆಳಗೆ ನಿಂತು ಬಳಸುವ ಪುಸ್ತಕ. ಫಲಜ್ಯೋತಿಷವನ್ನು ಕಟುವಾಗಿ ಟೀಕಿಸುತ್ತಲೇ, ಪಂಚಾಂಗದ ನಕ್ಷತ್ರನಾಮಗಳನ್ನು ಅವರು ಬಿಟ್ಟುಕೊಡಲಿಲ್ಲ. ಸ್ಪೈಕಾ ಎಂದರೆ ಚಿತ್ತಾ, ಆರ್ಕ್ಟ್ಯೂರಸ್ ಎಂದರೆ ಸ್ವಾತಿ, ಆಲ್ಡೆಬರಾನ್ ಎಂದರೆ ರೋಹಿಣಿ, ಸಿರಿಯಸ್ ಎಂದರೆ ಲುಬ್ಧಕ ಎಂಬ ಹೊಂದಾಣಿಕೆ ಕನ್ನಡ ಓದುಗರ ನಾಲಗೆಯಲ್ಲಿ ಉಳಿದಿದ್ದರೆ ಅದರಲ್ಲಿ ಅವರ ಪಾಲು ದೊಡ್ಡದು. ಕನ್ನಡದಲ್ಲಿ ಖಗೋಳ ರಸಪ್ರಶ್ನೆ ತಯಾರಿಸುವವರು ಮೊದಲು ಕೈಚಾಚಬೇಕಾದದ್ದು ಅವರ ಪುಸ್ತಕಗಳಿಗೆ.

1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕಡೆಯಿಂದ ಹುಬ್ಬಳ್ಳಿ, ರಾಯಚೂರು ಸೀಮೆಯ ಮೇಲೆ ಹಾದುಹೋಯಿತು. ಒಂದು ಕಡೆ ವಿಜ್ಞಾನಿಗಳ ಶಿಬಿರ, ಇನ್ನೊಂದು ಕಡೆ ಬಾಗಿಲು ಭದ್ರಪಡಿಸಿ ಕುಳಿತ ಊರು. ಆ ಹಗಲಿನ ಬಗ್ಗೆ ಈಗಲೂ ರಸಪ್ರಶ್ನೆಗಳಲ್ಲಿ ಕೇಳುತ್ತಾರೆ. ಅದೇ ಕಾಲಕ್ಕೆ ಶಾಲಾ ಮಕ್ಕಳ ಕೈಗೆ 'ಬಾಲವಿಜ್ಞಾನ' ಮಾಸಿಕ ಸಿಕ್ಕಿತ್ತು. 1978ರಲ್ಲಿ ಶುರುವಾದ ಅದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಪತ್ರಿಕೆ. ದೀರ್ಘಕಾಲ ಅದರ ಸಂಪಾದಕತ್ವ ಹೊತ್ತ ಜೆ. ಆರ್. ಲಕ್ಷ್ಮಣರಾವ್ ಕೂಡ ಮೈಸೂರಿನಲ್ಲಿ ನೆಲೆಸಿದ್ದವರೇ. ಹಳ್ಳಿ ಶಾಲೆಯ ಮೇಷ್ಟರು ಪರಿಷತ್ತಿನ ಪುಸ್ತಕಗಳಿಂದ ಪ್ರಶ್ನೆ ಆಯ್ದು ಕಪ್ಪುಹಲಗೆಯ ಮೇಲೆ ಬರೆದು, ತರಗತಿಯನ್ನು ಆರ್ಯಭಟ ತಂಡ, ಭಾಸ್ಕರ ತಂಡ ಎಂದು ಸೀಳಿ ನಡೆಸುತ್ತಿದ್ದ ಸ್ಪರ್ಧೆಯಲ್ಲಿ ಬಜರ್ ಎಂದರೆ ಬೆಂಚು ಗುದ್ದುವುದು.

ಪಟ್ಟಣದ ದಾರಿ ಬೇರೆ. ಭಾರತದಲ್ಲಿ ಬಹಿರಂಗ ಕ್ವಿಜ್ ಸಂಪ್ರದಾಯ 1967ರಲ್ಲಿ ನೀಲ್ ಒ'ಬ್ರಿಯನ್ ಕಲ್ಕತ್ತೆಯಲ್ಲಿ ನಡೆಸಿದ ಸ್ಪರ್ಧೆಯಿಂದ ಶುರುವಾಯಿತೆಂದು ಗಣಿಸುತ್ತಾರೆ. ಬೆಂಗಳೂರಿನಲ್ಲಿ ವಿಂಗ್ ಕಮಾಂಡರ್ ಜಿ. ಆರ್. ಮುಳ್ಕಿ ಮತ್ತು ಗೆಳೆಯರು 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಕಟ್ಟಿದರು. ಇಲ್ಲಿ ಪ್ರಶ್ನೆಯ ಚಹರೆಯೇ ಬದಲಾಯಿತು. 'ಪ್ಲೂಟೊ ಪತ್ತೆಯಾದ ವರ್ಷ ಯಾವುದು?' ಎಂದು ಕೇಳಿದರೆ ಕಂಠಪಾಠದವನು ಗೆಲ್ಲುತ್ತಾನೆ. 'ಆಕ್ಸ್‌ಫರ್ಡಿನ 11 ವರ್ಷದ ಹುಡುಗಿಯೊಬ್ಬಳು ಬೆಳಗಿನ ತಿಂಡಿಯ ಹೊತ್ತಿಗೆ ತಾತನಿಗೆ ಒಂದು ಹೆಸರು ಸೂಚಿಸಿದಳು. ಅದು ಅಮೆರಿಕದ ಲೊವೆಲ್ ವೀಕ್ಷಣಾಲಯ ತಲುಪಿತು. ಯಾವ ಹೆಸರು?' ಎಂದು ಕೇಳಿದರೆ ತಂಡದ ನಾಲ್ವರೂ ತಲೆ ಒಟ್ಟುಗೂಡಿಸಬೇಕು. ಎರಡಕ್ಕೂ ಉತ್ತರದ ಎಳೆ 1930ರ ಪ್ಲೂಟೊವೇ, ಆಟ ಮಾತ್ರ ಬೇರೆ. ಈ ಬಗೆಯ ಪ್ರಶ್ನೆ ಬಹುಕಾಲ ಇಂಗ್ಲಿಷಿನಲ್ಲೇ ಉಳಿಯಿತು. ಕನ್ನಡದಲ್ಲಿ ಅದನ್ನು ಸರಾಗವಾಗಿ ಕೇಳಬಲ್ಲವರು ಇದ್ದರೂ ಕನ್ನಡ ಶಾಲೆಗಳಿಗೆ ಅದು ತಲುಪಿದ್ದು ಕಡಿಮೆ.

ಹವ್ಯಾಸಿಗಳ ಸಂಘಗಳು ಈ ಎರಡು ಧಾರೆಗಳ ನಡುವೆ ಬೆಳೆದವು. ಬೆಂಗಳೂರಿನ ಹವ್ಯಾಸಿ ಖಗೋಳವೀಕ್ಷಕರ ಸಂಘ 1970ರ ದಶಕದ್ದು. 1989ರಲ್ಲಿ ಜವಾಹರಲಾಲ್ ನೆಹರೂ ತಾರಾಲಯ ತೆರೆದಾಗ ಇಂಥವರಿಗೆ ಒಂದು ಠಾವು ಸಿಕ್ಕಿತು. ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳವೀಕ್ಷಕರ ಸಂಘ, ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯ ಕರಾವಳಿಯ ಕೇಂದ್ರಗಳು. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಂದು ಕಾಸರಗೋಡು, ಮಂಗಳೂರು, ಕೊಡಗಿನ ಕಡೆ ಕನ್ನಡಕ ಹಿಡಿದು ಜನ ಬಯಲಿಗೆ ಬಂದದ್ದನ್ನು 1980ರ ಮುಚ್ಚಿದ ಬಾಗಿಲುಗಳ ಪಕ್ಕಕ್ಕಿಟ್ಟು ನೋಡಬೇಕು.

ಕಿರುತೆರೆಯಲ್ಲಿ ಕನ್ನಡ ರಸಪ್ರಶ್ನೆಗೆ ಮನೆಮಾತಿನ ಪದವಿ ತಂದದ್ದು ದೂರದರ್ಶನ ಚಂದನ ವಾಹಿನಿಯ 'ಥಟ್ ಅಂತ ಹೇಳಿ'. ಡಾ. ನಾ. ಸೋಮೇಶ್ವರ 2002ರ ಜನವರಿಯಿಂದ ನಡೆಸಿಕೊಂಡು ಬಂದ ಈ ಕಾರ್ಯಕ್ರಮದಲ್ಲಿ ಬಹುಮಾನ ಕನ್ನಡ ಪುಸ್ತಕ. ವಿಜ್ಞಾನದ ಪ್ರಶ್ನೆಗೆ ಸರಿಯುತ್ತರ ಕೊಟ್ಟವರು ಪುಸ್ತಕ ಹಿಡಿದು ಮನೆಗೆ ಹೋಗುವುದು ಬೇರೆ ವಾಹಿನಿಗಳ ಲಕ್ಷಾಂತರ ರೂಪಾಯಿಯ ಆಟಗಳಿಗಿಂತ ಮರ್ಯಾದೆಯ ಸಂಗತಿ.

ಈ ಆಟಕ್ಕೆ ಬಂದ ಅತಿ ದೊಡ್ಡ ಬಹುಮಾನ ಹಣವಾಗಿರಲಿಲ್ಲ, ಒಂದು ಕುರ್ಚಿಯಾಗಿತ್ತು. ಚಂದ್ರಯಾನ-2ರ ನಿಮಿತ್ತ ಇಸ್ರೊ 2019ರ ಆಗಸ್ಟ್‌ನಲ್ಲಿ 8ರಿಂದ 10ನೆಯ ತರಗತಿಯವರಿಗೆ ಆನ್‌ಲೈನ್ ರಸಪ್ರಶ್ನೆ ಏರ್ಪಡಿಸಿತು: 10 ನಿಮಿಷ, 20 ಪ್ರಶ್ನೆ. ಪ್ರತಿ ರಾಜ್ಯದಲ್ಲಿ ಮುಂದೆ ನಿಂತ ಇಬ್ಬರಿಗೆ ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಪ್ರಧಾನಿಯವರೊಂದಿಗೆ ಕೂತು ನೌಕೆ ಚಂದ್ರನ ಮೇಲೆ ಇಳಿಯುವುದನ್ನು ನೋಡುವ ಅವಕಾಶ. ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಉಡುಪಿ ಸೀಮೆಯ ಯು. ಆರ್. ರಾವ್ ಅವರ ತಂಡ 1975ಕ್ಕೆ ಮುಂಚೆ ಜೋಡಿಸಿದ್ದೂ ಇದೇ ಪೀಣ್ಯದ ಶೆಡ್ಡುಗಳಲ್ಲಿ. 2019ರ ಸೆಪ್ಟೆಂಬರ್ 7ರ ನಡುರಾತ್ರಿ ಕಳೆದು ಎರಡು ಗಂಟೆ ಸಮೀಪಿಸುವಾಗ, ಇಳಿಯುತ್ತಿದ್ದ ನೌಕೆಯನ್ನು ತೋರಿಸುವ ಪರದೆಯ ಮೇಲಿನ ಹಸಿರು ಚುಕ್ಕಿ ನಿಗದಿತ ಗೆರೆ ಬಿಟ್ಟು ಸರಿಯಿತು. ಚಂದ್ರನ ನೆಲದಿಂದ 2.1 ಕಿಲೊಮೀಟರ್ ಎತ್ತರದವರೆಗೆ ಎಲ್ಲ ಸರಿಯಿತ್ತೆಂದು, ಆಮೇಲೆ ಸಂಪರ್ಕ ತಪ್ಪಿತೆಂದು ಇಸ್ರೊ ಅಧ್ಯಕ್ಷರು ಪ್ರಕಟಿಸಿದರು. ಎಲ್ಲ ಉತ್ತರ ಸರಿ ಹೇಳಿ ಬಂದಿದ್ದ ಮಕ್ಕಳು ಅಂದು ಯಾರಿಗೂ ಉತ್ತರ ಗೊತ್ತಿಲ್ಲದ ಕೋಣೆಯಲ್ಲಿ ಕೂತಿದ್ದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದ ಬಳಿಕ ನಡೆದ ಮಹಾಕ್ವಿಜ್‌ನಲ್ಲಿ ಮೊದಲ ಬಹುಮಾನ 1 ಲಕ್ಷ ರೂಪಾಯಿ. ಅದು ದೊಡ್ಡ ಮೊತ್ತವೇ, ಆದರೆ ಆ ಕುರ್ಚಿಗೆ ಸಮವಲ್ಲ.

ಖಗೋಳ ರಸಪ್ರಶ್ನೆಯ ಪ್ರಶ್ನಕರ್ತನಿಗೆ ಇತಿಹಾಸ, ಸಾಹಿತ್ಯದವರಿಗೆ ಇಲ್ಲದ ಒಂದು ಕಾಟವಿದೆ: ಉತ್ತರ ನಿಂತಲ್ಲಿ ನಿಲ್ಲುವುದಿಲ್ಲ. ಶನಿಗೆ ಉಪಗ್ರಹ ಎಷ್ಟು ಎಂಬುದಕ್ಕೆ 2019ರ ಕೊನೆಗೆ 82 ಸರಿಯುತ್ತರ, 2023ರಲ್ಲಿ 146, 2025ರ ಮಾರ್ಚ್‌ನಲ್ಲಿ ಒಮ್ಮೆಲೇ 128 ಸೇರಿ 274. ಹಳೆಯ ಪ್ರಶ್ನಾವಳಿ ಹಿಡಿದು ವೇದಿಕೆ ಹತ್ತಿದ ಮೇಷ್ಟರಿಗೂ ಅಂದಿನ ಪೇಪರು ಓದಿ ಬಂದ ಹುಡುಗಿಗೂ ಜಗಳ ಹತ್ತುವುದು ಇಲ್ಲಿಯೇ. ಗ್ರಹಗಳ ಲೆಕ್ಕ ಇನ್ನೂ ಸ್ವಾರಸ್ಯದ್ದು. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೊವನ್ನು ಕುಬ್ಜಗ್ರಹವೆಂದಿತು; ಒಂಬತ್ತು ಎಂಟಾಯಿತು. ನಮ್ಮ ನವಗ್ರಹಗಳು ಮಾತ್ರ ಒಂಬತ್ತಾಗಿಯೇ ಉಳಿದವು. ಅದರಲ್ಲಿ ಸೂರ್ಯ ಒಂದು ನಕ್ಷತ್ರ, ಚಂದ್ರ ಒಂದು ಉಪಗ್ರಹ. ರಾಹು ಕೇತುಗಳು ಕಾಯಗಳೇ ಅಲ್ಲ, ಚಂದ್ರನ ಹಾದಿ ಸೂರ್ಯನ ತೋರಿಕೆಯ ಹಾದಿಯನ್ನು ಕತ್ತರಿಸುವ ಎರಡು ಬಿಂದುಗಳು. ಯುರೇನಸ್, ನೆಪ್ಚೂನ್ ಆ ಪಟ್ಟಿಯಲ್ಲಿಲ್ಲ, ನಾವು ನಿಂತ ಭೂಮಿಯೂ ಇಲ್ಲ. 'ನವಗ್ರಹಗಳಲ್ಲಿ ನಿಜವಾದ ಗ್ರಹಗಳೆಷ್ಟು?' ಎಂಬ ಪ್ರಶ್ನೆಗೆ ಉತ್ತರ ಐದು. ಕನ್ನಡದ ಸಭೆಯಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ.

ಹವ್ಯಾಸಿಗಳು ತಮ್ಮತಮ್ಮಲ್ಲೇ ಆಡುವ ಬಗೆಗೆ ವೇದಿಕೆ ಬೇಕಿಲ್ಲ. ಮಾರ್ಚ್-ಏಪ್ರಿಲ್‌ನ ಅಮಾವಾಸ್ಯೆಯ ಆಸುಪಾಸು ಒಂದೇ ರಾತ್ರಿಯಲ್ಲಿ ನೀಹಾರಿಕೆ, ನಕ್ಷತ್ರಗುಚ್ಛ ಮುಂತಾದವುಗಳ ಮೆಸಿಯೆ ಪಟ್ಟಿಯ 110 ಕಾಯಗಳನ್ನು ಹುಡುಕುವುದು ಅಂಥದೊಂದು. ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕದ ಅರುಂಧತಿಯನ್ನು ಬರಿಗಣ್ಣಿಗೆ ಯಾರು ಮೊದಲು ಬಿಡಿಸುತ್ತಾರೆಂಬುದು ಇನ್ನೊಂದು. ಮದುವೆಯಲ್ಲಿ ಪುರೋಹಿತರು ಮಟಮಟ ಮಧ್ಯಾಹ್ನ ಅರುಂಧತಿಯನ್ನು ತೋರಿಸಿದ್ದನ್ನು ನೆನೆದು ಇಲ್ಲಿ ನಗದವರಿಲ್ಲ. ಅಳತೆಗೆ ಉಪಕರಣವೂ ಬೇಡ. ತೋಳು ನೀಡಿ ಮುಷ್ಟಿ ಹಿಡಿದರೆ ಅಗಲ ಸುಮಾರು 10 ಡಿಗ್ರಿ.

ಮೈಸೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ 'ಕಾಸ್ಮಾಸ್' ತಾರಾಲಯ ಮತ್ತು ತರಬೇತಿ ಕೇಂದ್ರಕ್ಕೆ 2022ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆಯಾಯಿತು. ಅದರ ಗುಮ್ಮಟವಿಲ್ಲದೆಯೂ ಈ ನಗರದಲ್ಲಿ ಕೇಳಬಹುದಾದ ಪ್ರಶ್ನೆಯೊಂದಿದೆ: ಒಂಟಿಕೊಪ್ಪಲಿನ ತಾರಸಿಯಿಂದ ಧ್ರುವ ನಕ್ಷತ್ರ ದಿಗಂತಕ್ಕಿಂತ ಎಷ್ಟು ಎತ್ತರದಲ್ಲಿ ಕಾಣುತ್ತದೆ? ಊರಿನ ಅಕ್ಷಾಂಶವೇ ಉತ್ತರ, ಸುಮಾರು 12 ಡಿಗ್ರಿ. ಒಂದು ಮುಷ್ಟಿಗಿಂತ ತುಸು ಮೇಲೆ. ಉತ್ತರಕ್ಕೆ ಎದುರುಮನೆಯ ಮಾಳಿಗೆ ಅಡ್ಡ ಬರದಿದ್ದರೆ ಕಾಣುತ್ತದೆ.