ದತ್ತಸಂಚಯಕ್ಕೆ ದಿನವೂ ಬ್ಯಾಕಪ್: ಸರ್ವರಿಗೆ ವೇಳೆ ನಿಗದಿಪಡಿಸುವ ಕ್ರಮ

ಜಾಲತಾಣವೊಂದರ ಜೀವಾಳವಿರುವುದು ಅದರ ದತ್ತಸಂಚಯದಲ್ಲಿ, ಅಂದರೆ ಡೇಟಾಬೇಸಿನಲ್ಲಿ. ಪುಟವಿನ್ಯಾಸ ಕೆಟ್ಟರೆ ಮತ್ತೆ ರಚಿಸಬಹುದು. ಬಳಕೆದಾರರ ಖಾತೆ, ಲೆಕ್ಕಪತ್ರ, ಬರಹಗಳು ಅಳಿದರೆ ಮುಂಚೆ ತೆಗೆದಿಟ್ಟ ಪ್ರತಿಯೊಂದೇ ಗತಿ. ಅಂಥ ಪ್ರತಿಯನ್ನು ದಿನವೂ ತಪ್ಪದೆ ತೆಗೆಯಲು ಲಿನಕ್ಸ್ ಸರ್ವರುಗಳಲ್ಲಿ ‘ಕ್ರಾನ್’ ಎಂಬ ಸೌಲಭ್ಯವಿದೆ.

ವೇಳೆಯ ನಿಗದಿ

ಕ್ರಾನ್‌ಗೆ ನೀಡುವ ಆದೇಶ ಒಂದೇ ಸಾಲಿನದು. ಅದರ ಮೊದಲ ಐದು ಅಂಕಣಗಳು ಕ್ರಮವಾಗಿ ನಿಮಿಷ, ಗಂಟೆ, ದಿನಾಂಕ, ತಿಂಗಳು ಹಾಗೂ ವಾರವನ್ನು ಸೂಚಿಸುತ್ತವೆ. ‘30 2 * * *’ ಎಂದರೆ ಪ್ರತಿದಿನ ನಸುಕಿನ 2.30. ಸರ್ವರಿನ ಗಡಿಯಾರ ಯುಟಿಸಿ ಕಾಲಮಾನದಲ್ಲಿದ್ದರೆ ಭಾರತದ ಅದೇ ಹೊತ್ತಿಗೆ ‘0 21 * * *’ ಎಂದು ಬರೆಯಬೇಕು.

ಪ್ರತಿ ತೆಗೆಯುವ ಬಗೆ

ಮೈಎಸ್‌ಕ್ಯೂಎಲ್‌ನಲ್ಲಿ ‘ಮೈಎಸ್‌ಕ್ಯೂಎಲ್‌ಡಂಪ್’, ಪೋಸ್ಟ್‌ಗ್ರೆಎಸ್‌ಕ್ಯೂಎಲ್‌ನಲ್ಲಿ ‘ಪಿಜಿಡಂಪ್’ ಈ ಕಾರ್ಯ ನಿರ್ವಹಿಸುತ್ತವೆ. ಆದೇಶಗಳನ್ನೆಲ್ಲ ಒಂದು ಸ್ಕ್ರಿಪ್ಟ್ ಕಡತದಲ್ಲಿ ಬರೆದು, ಕ್ರಾನ್ ಅದನ್ನು ಕರೆಯುವಂತೆ ಮಾಡುವುದು ಲೇಸು. ಕ್ರಾನ್ ಸಾಲಿನಲ್ಲಿ ಶೇಕಡಾ ಚಿಹ್ನೆಗೆ ಬೇರೆ ಅರ್ಥವಿರುವುದರಿಂದ, ದಿನಾಂಕ ಸೇರಿಸುವ ಆದೇಶವನ್ನು ಅಲ್ಲಿಯೇ ಬರೆದರೆ ಕೆಲಸ ಕೆಡುತ್ತದೆ. ಪಾಸ್‌ವರ್ಡ್ ಪ್ರತ್ಯೇಕ ಕಡತದಲ್ಲಿದ್ದು, ಒಡೆಯನೊಬ್ಬನೇ ಓದುವಂತಿರಬೇಕು. ಹಳೆಯ ಪ್ರತಿಗಳನ್ನು ಗೊತ್ತಾದ ಅವಧಿಯ ನಂತರ ಅಳಿಸದಿದ್ದರೆ ಡಿಸ್ಕ್ ತುಂಬಿ ಹೊಸ ಪ್ರತಿಗೆ ಜಾಗವೇ ಉಳಿಯದು. ಪ್ರತಿಯೊಂದು ಬೇರೊಂದು ಯಂತ್ರದಲ್ಲೂ ಇರುವುದು ಅವಶ್ಯ.

ಸದ್ದಿಲ್ಲದ ವೈಫಲ್ಯ

ಡಂಪ್ ಆದೇಶದ ಫಲಿತವನ್ನು ನೇರವಾಗಿ ‘ಜಿಜಿಪ್’ಗೆ ಹರಿಸಿ ಕುಗ್ಗಿಸುವುದು ರೂಢಿ. ಡಂಪ್ ವಿಫಲವಾದರೂ ಜಿಜಿಪ್ ಯಶಸ್ವಿಯಾದರೆ ಸ್ಕ್ರಿಪ್ಟ್ ಯಶಸ್ಸನ್ನೇ ವರದಿ ಮಾಡುತ್ತದೆ. ಉಳಿಯುವುದು ಬರಿದಾದ ಕಡತ. ಬ್ಯಾಶ್‌ನ ‘ಪೈಪ್‌ಫೇಲ್’ ಆಯ್ಕೆ ಇದನ್ನು ತಡೆಯುತ್ತದೆ.

ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಮುಖ್ಯ ದತ್ತಸಂಚಯದ ಕಡತಗಳು ಕಣ್ತಪ್ಪಿನಿಂದ ಅಳಿಸಿಹೋದಾಗ ಇಂಥದೇ ವೈಫಲ್ಯ ಬಯಲಾಯಿತು. ದತ್ತಸಂಚಯ 9.6ನೇ ಆವೃತ್ತಿಯದಾಗಿದ್ದರೆ, ಪ್ರತಿ ತೆಗೆಯುತ್ತಿದ್ದ ಪಿಜಿಡಂಪ್ 9.2ನೆಯದು. ಹೀಗಾಗಿ ನಿಗದಿತ ಬ್ಯಾಕಪ್ ವಿಫಲವಾಗುತ್ತಿತ್ತು. ಅದನ್ನು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರೊಂದು ಉದ್ದೇಶಕ್ಕೆ ತೆಗೆದಿದ್ದ ಪ್ರತಿಯೇ ಸಂಸ್ಥೆಯನ್ನು ಉಳಿಸಿತು. ನಡುವಿನ ಅವಧಿಯ ಮಾಹಿತಿ ಮರಳಲಿಲ್ಲ.

ಪರೀಕ್ಷೆ ಅನಿವಾರ್ಯ

ಆದ್ದರಿಂದ ಪ್ರತಿ ಬೆಳಿಗ್ಗೆ ಹೊಸ ಕಡತ ಬಂದಿದೆಯೇ, ಅದರ ಗಾತ್ರ ನಿನ್ನೆಯದಕ್ಕೆ ಸಮೀಪವಿದೆಯೇ ಎಂಬುದನ್ನು ನೋಡಬೇಕು. ತಿಂಗಳಿಗೊಮ್ಮೆಯಾದರೂ ಪ್ರತಿಯನ್ನು ಬೇರೆ ಯಂತ್ರದಲ್ಲಿ ಮರುಸ್ಥಾಪಿಸಿ, ದಾಖಲೆಗಳು ತೆರೆಯುತ್ತವೆಯೇ ಎಂದು ಪರೀಕ್ಷಿಸಬೇಕು. ಮರುಸ್ಥಾಪಿಸಿ ನೋಡದ ಪ್ರತಿಯನ್ನು ಬ್ಯಾಕಪ್ ಎಂದು ನಂಬುವಂತಿಲ್ಲ.