ಪೈಠಣಿಗೆ ವಯಸ್ಸೆಷ್ಟು?

ನಾಸಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ (ನಮ್ಮಂಥ ಹಳಬರ ಬಾಯಲ್ಲಿ ಇನ್ನೂ ಔರಂಗಾಬಾದೇ!) ಹೋಗುವ ದಾರಿಯಲ್ಲಿ ಯೇವಲಾ ಸಿಗುತ್ತದೆ. ಊರಿಂದ ನೆಂಟರು ಬಂದರೆ ಪೈಠಣಿ ಸೀರೆಗೆ ಅಲ್ಲಿಗೇ ಕರೆದೊಯ್ಯುತ್ತೇವೆ. ಅಂಗಡಿಯವರದು ಒಂದೇ ಮಾತು: "ಎರಡು ಸಾವಿರ ವರ್ಷದ ಇತಿಹಾಸ!"

ಪೈಠಣ ಅಂದರೆ ಶಾತವಾಹನರ ಪ್ರತಿಷ್ಠಾನ. ಊರು ಅಷ್ಟು ಹಳೆಯದು, ಸರಿ. ಸೀರೆ? 1ನೇ ಶತಮಾನದ ಗ್ರೀಕ್ ವ್ಯಾಪಾರಿಗಳ ಕೈಪಿಡಿ 'ಪೆರಿಪ್ಲಸ್' ಪ್ರಕಾರ ಪೈಠಣದಿಂದ ಭರೂಚ್ ಬಂದರಿಗೆ ಹೋಗುತ್ತಿದ್ದದ್ದು ಬೆಲೆಬಾಳುವ ಕಲ್ಲು. ಬಟ್ಟೆ ಹೋಗುತ್ತಿದ್ದದ್ದು ತಗರದಿಂದ, ಅಂದರೆ ಇಂದಿನ ಧಾರಾಶಿವ ಜಿಲ್ಲೆಯ ತೇರ್‌ನಿಂದ. ಅದೂ ಸಾದಾ ಬಟ್ಟೆ, ಮಸ್ಲಿನ್. ಪೈಠಣದ ಹೆಸರಿನ ಜೊತೆ ರೇಷ್ಮೆಯ ಸುದ್ದಿಯೇ ಇಲ್ಲ. ಪೈಠಣಿ ಹೆಸರು ಮಾಡಿದ್ದು ಬಹಳ ಈಚೆಗೆ, ಪೇಶ್ವೆಗಳು ಮತ್ತು ಹೈದರಾಬಾದಿನ ನಿಜಾಮರ ಆಶ್ರಯದಲ್ಲಿ.

ಇದರಿಂದ ಸೀರೆಯ ಮಾನವೇನೂ ಕಮ್ಮಿಯಾಗಲಿಲ್ಲ ಬಿಡಿ. ಅದರ ಹಿರಿಮೆ ಇರುವುದು ನೇಯ್ಗೆಯಲ್ಲಿ. ನಮ್ಮ ಇಳಕಲ್ಲಿನಲ್ಲಿ ಸೆರಗಿನ ಹಾಸನ್ನು ಮೈಯ ಹಾಸಿಗೆ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಇಲ್ಲಿ ಕೊಂಡಿ ಬೀಳುವುದು ಹೊಕ್ಕಿನ ಎಳೆಗೆ. ನವಿಲಿನ ಒಂದೊಂದು ಬಣ್ಣಕ್ಕೂ ಬೇರೆ ಪುಟ್ಟ ಕಂಡಿಕೆ. ಹಾಸಿನ ಎಳೆ ಎಣಿಸುತ್ತಾ, ಪಕ್ಕದ ಬಣ್ಣಕ್ಕೆ ಸಿಕ್ಕಿಸುತ್ತಾ ನೇಯಬೇಕು. ಅದಕ್ಕೇ ಸೆರಗು ಹಿಂದೆ ಮುಂದೆ ಒಂದೇ ಥರ ಕಾಣುತ್ತದೆ.

2010ರಲ್ಲಿ ಪೈಠಣಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಆದರೂ ಎರಡು ಸಾವಿರ ವರ್ಷದ ಕಥೆಯನ್ನು ಪವರ್‌ಲೂಮ್ ಸೀರೆಗೂ ಅಂಟಿಸಿ ಮಾರಬಹುದು. ಪೆಟ್ಟು ಬೀಳುವುದು ಕೈಮಗ್ಗದವನಿಗೆ. ಮುಂದಿನ ಸಲ ಇತಿಹಾಸ ಕೇಳಿಸಿಕೊಳ್ಳುವ ಮೊದಲು ಸೆರಗನ್ನು ತಿರುವಿ ನೋಡಿ.